ಒಲಿಂಪಿಕ್ಸ್ ಫುಟ್‌ಬಾಲ್ ಟಿಕೆಟ್ ರಿವ್ಯೂ: ಆಟಕ್ಕೆ 4 ಸ್ಟಾರ್, ಒಲಿಂಪಿಕ್ಸ್‌ಗೆ 2

ಮೊನ್ನೆ ನಮ್ಮ ಭಾಮೈದ ಅಮೆರಿಕದ ಸ್ಯಾನ್ ಹೋಸೆಯಿಂದ ಫೋನ್ ಮಾಡಿದ್ದ. "ಭಾವ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಫುಟ್‌ಬಾಲ್ ನಮ್ಮೂರಲ್ಲೂ ಇದೆಯಂತೆ, ಮನೆಯಿಂದ ಇಪ್ಪತ್ತು ನಿಮಿಷ ಅಷ್ಟೇ, ಟಿಕೆಟ್ ತಗೊಳ್ಲಾ ಬೇಡ್ವಾ? ನೀವು ಲಂಡನ್ ಒಲಿಂಪಿಕ್ಸಲ್ಲಿ ನೋಡಿದ್ರಲ್ಲ, ಹೆಂಗಿತ್ತು?" ಅಂದ. ತಗೋ ಅನ್ನೋಕೂ ಬಾಯಿ ಬರ್ಲಿಲ್ಲ, ಬೇಡ ಅನ್ನೋಕೂ ಮನಸ್ಸಾಗ್ಲಿಲ್ಲ, ಅರ್ಧ ಗಂಟೆ ಕೊರೆದ ಮೇಲೆ ಅವನೇ "ಭಾವ ಆಫೀಸ್ ಕಾಲ್ ಇದೆ, ಬರೆದು ಹಾಕ್ಬಿಡಿ ಓದ್ಕೋತೀನಿ" ಅಂತ ಇಟ್ಬಿಟ್ಟ. ಅದಕ್ಕೇ ಈ ರಿವ್ಯೂ. ಹಳೇದು, 2012ರದ್ದು, ಆದ್ರೆ ಸಾಮಾನು ಅದೇ, ಅಂಗಡಿ ಮಾತ್ರ ಬೇರೆ ಊರಲ್ಲಿ ಹಾಕ್ತಿದ್ದಾರೆ.

ಮೊದ್ಲು ಟಿಕೆಟ್ ಹೆಂಗೆ ಕೈಗೆ ಬಂತು ಅನ್ನೋದೇ ಒಂದು ಕಥೆ. ನಾನಾಗ ಆನ್‌ಸೈಟ್ ಅಂತ ಬರ್ಮಿಂಗ್‌ಹ್ಯಾಮ್ ಹತ್ರ ಇದ್ದೆ, ಹೆಂಡ್ತಿ ಮತ್ತೆ 7 ವರ್ಷದ ಮಗಳೂ ಜೊತೆಗಿದ್ರು. 2011ರ ಮಾರ್ಚ್-ಏಪ್ರಿಲ್‌ನಲ್ಲೇ ಟಿಕೆಟ್‌ಗೆ ಅರ್ಜಿ, ಬೇಡಿಕೆ ಜಾಸ್ತಿ ಇರೋದಕ್ಕೆಲ್ಲ ಲಾಟರಿ, ಅದೂ ವೀಸಾ ಕಾರ್ಡ್ ಇದ್ರೆ ಮಾತ್ರ. ತಮಾಷೆ ಏನಪ್ಪಾ ಅಂದ್ರೆ ಮೊದ್ಲು ಅಕೌಂಟಿಂದ ದುಡ್ಡು ಹೋಗತ್ತೆ, ಯಾವ ಆಟದ ಟಿಕೆಟ್ ಸಿಕ್ತು ಅಂತ ಆಮೇಲೆ ಹೇಳ್ತಾರೆ, ಆಫೀಸಲ್ಲಿ ಎಲ್ರೂ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡ್ಕೊಂಡು ಇಷ್ಟು ದುಡ್ಡು ಹೋಗಿದೆ ಅಂದ್ರೆ ಈಜು ಇರ್ಬೋದಾ ಜಿಮ್ನಾಸ್ಟಿಕ್ಸ್ ಇರ್ಬೋದಾ ಅಂತ ಜಾತಕ ನೋಡೋ ಹಂಗೆ ಲೆಕ್ಕ ಹಾಕೋರು. ನಂಗೆ 100 ಮೀಟರ್ ಓಟ ಬೇಕಿತ್ತು, ಬೋಲ್ಟ್‌ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ. ನನ್ನ ಅಕೌಂಟಿಂದ ಒಂದು ಪೆನ್ನಿನೂ ಹೋಗ್ಲಿಲ್ಲ. ಆಮೇಲೆ ಏನೂ ಸಿಗದೇ ಇರೋರಿಗೆ ಅಂತ ಎರಡನೇ ರೌಂಡ್ ತೆಗೆದ್ರು, ಅದ್ರಲ್ಲಿ ನೋಡಿದ್ರೆ ಉಳ್ದಿರೋದ್ರಲ್ಲಿ ಬಹುಪಾಲು ಫುಟ್‌ಬಾಲೇ. ಮದ್ವೆ ಮನೇಲಿ ಕೊನೇ ಪಂಕ್ತಿಗೆ ಕೂತೋರಿಗೆ ಹೋಳಿಗೆ ಖಾಲಿ, ಅನ್ನ ಸಾರು ಎಷ್ಟು ಬೇಕಾದ್ರೂ ಇದೆ ಅಂತಾರಲ್ಲ, ಹಂಗೆ.

ರೇಟ್ ಬಗ್ಗೆ ಮಾತ್ರ ಕಂಪ್ಲೇಂಟ್ ಇಲ್ಲ. ಕಮ್ಮಿ ದರದ ಸೀಟು 20 ಪೌಂಡ್, ಆಗಿನ ಲೆಕ್ಕದಲ್ಲಿ 1,700 ರೂಪಾಯಿ ಆಸುಪಾಸು, ಒಂದೇ ಟಿಕೆಟ್‌ಗೆ ಒಂದರ ಹಿಂದೆ ಒಂದು ಎರಡು ಮ್ಯಾಚು. ಮಕ್ಕಳಿಗೆ ವಯಸ್ಸೆಷ್ಟೋ ಅಷ್ಟು ಪೌಂಡ್, ನಮ್ಮ ಮಗಳದ್ದು 7. ಇದು ನಿಜವಾಗ್ಲೂ ಒಳ್ಳೇ ಐಡಿಯಾ, ನಮ್ಮ ಬೆಂಗ್ಳೂರಲ್ಲಿ ಐಪಿಎಲ್‌ಗೆ ಯಾರಾದ್ರೂ ಹಿಂಗೆ ಮಾಡಿದ್ರೆ ನಾನು ಮೊದ್ಲು ಕ್ಯೂ ನಿಲ್ತೀನಿ. ಉದ್ಘಾಟನಾ ಸಮಾರಂಭದ ದುಬಾರಿ ಸೀಟು 2,012 ಪೌಂಡ್ ಇದ್ದ ಕಾಲದಲ್ಲಿ ಮನೆಮಂದಿಯೆಲ್ಲ ಸೇರಿ 47 ಪೌಂಡಲ್ಲಿ ಒಲಿಂಪಿಕ್ಸ್ ಮುಗೀತು ನೋಡಿ.

ಒಲಿಂಪಿಕ್ಸ್ ಅಂದ್ನಲ್ಲ, ಅಲ್ಲೇ ಇರೋದು ಎಡವಟ್ಟು.

ನಮ್ಮ ಮ್ಯಾಚ್ ಇದ್ದಿದ್ದು ಜುಲೈ 25, ಲಂಡನ್‌ನಲ್ಲಲ್ಲ, ಬರ್ಮಿಂಗ್‌ಹ್ಯಾಮ್ ಪಕ್ಕದ ಕವೆಂಟ್ರಿಲಿ. ಉದ್ಘಾಟನೆ ಜುಲೈ 27. ಪಂದ್ಯದ ಮಧ್ಯೆ ಆಟಗಾರರಿಗೆ ರೆಸ್ಟ್ ಬೇಕು, ಹದಿನೇಳು ದಿನದಲ್ಲಿ ಇಡೀ ಟೂರ್ನಿ ಹಿಡಿಯಲ್ಲ ಅಂತ ಫುಟ್‌ಬಾಲ್ ಎರಡು ದಿನ ಮೊದ್ಲೇ ಶುರು ಮಾಡ್ತಾರೆ, ಕಾರಣ ಸರಿನೇ, ಆದ್ರೆ ಧಾರೆ ಎರೆಯೋಕ್ಮುಂಚೆ ಬೀಗರೂಟ ಹಾಕಿದ ಹಂಗಾಗತ್ತೆ. ಜ್ಯೋತಿ ಇನ್ನೂ ಹತ್ತಿಲ್ಲ, ಟಿವಿಲಿ ಇನ್ನೂ ಸೆಕ್ಯುರಿಟಿ ಗಾರ್ಡ್ ಸಾಲಲಿಲ್ಲ ಸೈನ್ಯ ಕರ್ಸಿದ್ರು ಅನ್ನೋದೇ ಸುದ್ದಿ, ಅಷ್ಟರಲ್ಲಿ ನಾವು ಬಾವುಟ ಹಿಡ್ಕೊಂಡು ಬಸ್ ಹತ್ತಿದ್ವಿ. ಬಸ್ಸಲ್ಲಿ ಪಕ್ಕ ಕೂತಿದ್ದ ಅಜ್ಜಿ "ಒಲಿಂಪಿಕ್ಸಾ? ಅದು ಲಂಡನ್‌ನಲ್ಲಲ್ವಾ?" ಅಂತ ಕೇಳ್ತು. ಕವೆಂಟ್ರಿ ಅಜ್ಜಿನೇ ಹಂಗೆ ಕೇಳಿದ ಮೇಲೆ ಇನ್ನೇನು.

ಸ್ಟೇಡಿಯಂ ಸುಮಾರು 32 ಸಾವಿರ ಸೀಟಿಂದು. ಮಾಮೂಲಿ ದಿನ ಒಂದು ಕಂಪನಿ ಹೆಸರಿತ್ತು, ಒಲಿಂಪಿಕ್ಸ್‌ಗೆ ಸ್ಪಾನ್ಸರ್ ಅಲ್ದೇ ಇರೋರ ಹೆಸರು ಕಾಣಬಾರ್ದು ಅಂತ ಆ ಬೋರ್ಡ್ ಮುಚ್ಚಿ 'ಸಿಟಿ ಆಫ್ ಕವೆಂಟ್ರಿ ಸ್ಟೇಡಿಯಂ' ಅಂತ ನಾಮಕರಣ ಮಾಡಿದ್ರು. ಒಳಗೆ ಹೋಗೋಕೆ ಏರ್‌ಪೋರ್ಟ್ ಥರ ಚೆಕಿಂಗು, ನೀರಿನ ಬಾಟಲಿ ಖಾಲಿ ಮಾಡಿ ತರ್ಬೇಕು ಒಳಗೆ ತುಂಬಿಸ್ಕೊಳ್ಳಿ ಅಂತ. ಹೆಂಡ್ತಿ ಡಬ್ಬಿಲಿ ತಂದಿದ್ದ ಚಿತ್ರಾನ್ನಾನ ಆ ಹುಡುಗ ಮುಚ್ಚಳ ತೆಗೆದು ನೋಡಿ, ಮೂಸಿ, ನಕ್ಕೊಂಡು ಬಿಟ್ಟ. ಸ್ವಯಂಸೇವಕರ ಬಗ್ಗೆ ಎರಡು ಮಾತಿಲ್ಲ, 5ಕ್ಕೆ 5, ಪ್ರತಿಯೊಬ್ರೂ ನಗ್ತಾ ದಾರಿ ತೋರ್ಸೋರು, ದಾರಿ ತೋರ್ಸೋರೇ ನೋಡೋಕೆ ಬಂದೋರಿಗಿಂತ ಜಾಸ್ತಿ ಇದ್ದಾರೇನೋ ಅನ್ಸೋ ಹಂಗಿತ್ತು ಆ ಸಂಜೆ.

ಮೊದಲ್ನೇದು ಜಪಾನ್-ಕೆನಡಾ ಮಹಿಳೆಯರ ಪಂದ್ಯ. ಜಪಾನ್ ಅಂದ್ರೆ ಹಿಂದಿನ ವರ್ಷ 2011ರಲ್ಲಿ ವಿಶ್ವಕಪ್ ಗೆದ್ದ ಟೀಮು, ಸಣ್ಣ ಮಾತಲ್ಲ. ಸ್ಟೇಡಿಯಂ ಅರ್ಧನೂ ತುಂಬಿರ್ಲಿಲ್ಲ. ಆಕಾಶ ನೀಲಿ ಬಣ್ಣದ ಸೀಟು ಸಾಲು ಸಾಲು ಖಾಲಿ, ಮಗಳು ಮೊದ್ಲರ್ಧದಲ್ಲೇ ನಾಲ್ಕು ಸೀಟು ಬದಲಾಯಿಸಿದ್ಳು, ಯಾರೂ ಏನೂ ಅನ್ನಲಿಲ್ಲ. ಆದ್ರೆ ಒಂದು ಹೇಳ್ತೀನಿ, ಖಾಲಿ ಇದ್ದಿದ್ರಿಂದ ಒಂದು ಲಾಭ ಆಯ್ತು, ಆಟಗಾರ್ತಿಯರು ಒಬ್ರಿಗೊಬ್ರು ಕೂಗೋದು, ಬೂಟಿಗೆ ಬಾಲ್ ತಗುಲೋ ಧಪ್ ಅನ್ನೋ ಸದ್ದು ಎಲ್ಲ ಕೇಳ್ಸೋದು, ಊರ ಮೈದಾನದ ಬೇಲಿ ಪಕ್ಕ ನಿಂತು ನೋಡ್ದಂಗೆ. ಜಪಾನ್ 2-1. ಅವರ ಪಾಸಿಂಗ್ ನೋಡಿದ್ರೆ ಹೂ ಕಟ್ಟೋರ ಬೆರಳು ನೋಡ್ದಂಗೆ, ಎಲ್ಲಿ ದಾರ ಎಲ್ಲಿ ಹೂವು ಗೊತ್ತಾಗಲ್ಲ, ಮಾಲೆ ಉದ್ದ ಆಗ್ತಾನೇ ಇರತ್ತೆ.

ಎರಡನೇದು ಸ್ವೀಡನ್-ದಕ್ಷಿಣ ಆಫ್ರಿಕಾ. ಸ್ವೀಡನ್ ಇಪ್ಪತ್ತೇ ನಿಮಿಷ ಆಗ್ತಿದ್ದಂಗೆ 3-0 ಮಾಡ್ಕೊಂಡು ಕೂತಿತ್ತು, ಹೆಂಡ್ತಿ "ಹೋಗೋಣ್ವಾ ಬಸ್ ರಶ್ ಆಗತ್ತೆ" ಅಂತ ಬ್ಯಾಗ್ ಜಿಪ್ ಎಳೀತಿದ್ಳು. ಎರಡನೇ ಅರ್ಧದಲ್ಲಿ ದಕ್ಷಿಣ ಆಫ್ರಿಕಾದ ಪೋರ್ಷಿಯಾ ಮೊಡಿಸೆ ಮಧ್ಯದ ಗೆರೆ ಹತ್ರ ಬಾಲ್ ಸಿಕ್ಕಿದ್ದೇ ತಡ, ತಲೆ ಎತ್ತಿ ಒಂದ್ಸಲ ನೋಡಿ ಅಲ್ಲಿಂದಾನೇ ಒದ್ಲು. ನಾನು ಇದೇನು ಹುಚ್ಚು ಅನ್ಕೊಂಡೆ. ಬಾಲು ಮೇಲೆ ಹೋಯ್ತು, ಗೋಲಿ ಹಿಂದೆ ಹಿಂದೆ ಓಡಿದ್ಳು, ತಲೆ ಮೇಲಿಂದ ಇಳಿದು ನೆಟ್ ಒಳಗೆ. ಒಂದು ಸೆಕೆಂಡ್ ಇಡೀ ಸ್ಟೇಡಿಯಂ ಸುಮ್ನೆ, ಆಮೇಲೆ ಇದ್ದಷ್ಟು ಜನಾನೂ ಎದ್ದು ಕುಣಿದ್ರು, ಜಿಪ್ ಎಳೀತಿದ್ದೋಳೂ ಎದ್ಲು. ಪಂದ್ಯ 4-1ಕ್ಕೆ ಸ್ವೀಡನ್ ಗೆಲ್ತು, ಯಾರಿಗೆ ಬೇಕು ಅದು. 20 ಪೌಂಡ್ ಅಲ್ಲಿಗೇ ವಸೂಲು.

ಹಂಗಾದ್ರೆ ಜನ ಯಾಕೆ ಬರ್ಲಿಲ್ಲ? ಫುಟ್‌ಬಾಲ್‌ಗೆ ಪ್ರಾಣ ಬಿಡೋ ದೇಶ ಅದು, ಮೂರನೇ ಡಿವಿಜನ್ ಮ್ಯಾಚಿಗೂ ಮಳೇಲಿ ನೆನೀತಾ ನಿಲ್ತಾರೆ. ಆದ್ರೂ ಒಲಿಂಪಿಕ್ಸ್ ಶುರುವಾಗೋಕೆ ಒಂದು ವಾರ ಇದೆ ಅನ್ನುವಾಗ ಸಂಘಟಕರು 5 ಲಕ್ಷ ಫುಟ್‌ಬಾಲ್ ಟಿಕೆಟ್ ಮಾರಾಟದಿಂದಾನೇ ವಾಪಸ್ ತಗೊಂಡ್ರು, ಮೇಲಿನ ಅಂತಸ್ತು ಮುಚ್ಚಿ ಇರೋರನ್ನ ಕೆಳಗೆ ಕೂರ್ಸೋಣ ಅಂತ. ಆಫೀಸಲ್ಲಿ ನನ್ನ ಮ್ಯಾನೇಜರ್, ಹುಟ್ಟಾ ಫುಟ್‌ಬಾಲ್ ಹುಚ್ಚ, "ಅದು ಫುಟ್‌ಬಾಲ್ ಅಲ್ಲ ಮಾರಾಯ, ಒಲಿಂಪಿಕ್ಸೂ ಅಲ್ಲ" ಅಂದಿದ್ದ, ಆಗ ಕೊಬ್ಬು ಅನ್ಸಿತ್ತು, ಆಮೇಲೆ ಯೋಚ್ನೆ ಮಾಡಿದ್ರೆ ಅವನ ಮಾತಲ್ಲಿ ಮುಕ್ಕಾಲು ಸತ್ಯ ಇದೆ.

ಗಂಡಸರ ಟೂರ್ನಿಲಿ ಆಡೋದು ಅಂಡರ್-23 ಟೀಮು, ಮೇಲೆ ಮೂರು ಜನ ದೊಡ್ಡೋರನ್ನ ಸೇರಿಸ್ಕೋಬೋದು, ಅಷ್ಟೇ. 1992ರಿಂದ ಹಿಂಗೇ, ಮೂರು ಜನರ ರಿಯಾಯ್ತಿ 1996ರಿಂದ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಗೆ ತನ್ನ ವಿಶ್ವಕಪ್‌ಗೆ ಸಮನಾಗಿ ಇನ್ನೊಂದು ನಿಲ್ಲೋದು ಬೇಕಿಲ್ಲ, ಕ್ಲಬ್‌ಗಳಿಗೂ ತಮ್ಮ ಹುಡುಗರನ್ನ ಕಳ್ಸೋಕೆ ಮನಸ್ಸಿರಲ್ಲ. ಅದಕ್ಕೆ ಮೂರೇ ವಾರ ಹಿಂದೆ ಯೂರೋ ಕಪ್ ಫೈನಲಲ್ಲಿ ಇಟಲಿಗೆ 4-0 ಹೊಡೆದ ಸ್ಪೇನ್ ಹೆಸರು ನೋಡಿ ಟಿಕೆಟ್ ತಗೊಂಡೋರಿಗೆ ಸಿಕ್ಕಿದ್ದು ಬೇರೇನೇ ಸ್ಪೇನ್, ಅದು ಗ್ಲ್ಯಾಸ್ಗೋಲಿ ಜಪಾನ್ ಹತ್ರ 1-0 ಸೋತು, ನ್ಯೂಕ್ಯಾಸಲ್‌ನಲ್ಲಿ ಹೊಂಡುರಾಸ್ ಹತ್ರಾನೂ ಸೋತು ಮನೆಗೆ ಹೋಯ್ತು. ಈ ಕ್ಲಬ್ ತಕರಾರು ನಮಗೂ ಹೊಸದಲ್ಲ ಬಿಡಿ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಕ್ಲಬ್‌ಗಳು ಆಟಗಾರರನ್ನ ಬಿಟ್ಕೊಡಲ್ಲ ಅಂದು ಕೊನೇ ಗಳಿಗೇಲಿ ಟೀಮ್ ಕಟ್ಟಿ, ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಕ್ಯಾಪ್ಟನ್, ಹಿಂದಿನ ದಿನ ಹೋಗಿ ಇಳಿದು ಸರಿಯಾಗಿ ನಿದ್ದೆನೂ ಇಲ್ದೆ ಚೀನಾ ಹತ್ರ 5-1 ಒದೆ ತಿಂದ್ರಲ್ಲ.

ಇನ್ನೊಂದು, ಬ್ರಿಟನ್‌ಗೆ ಫುಟ್‌ಬಾಲ್ ಟೀಮೇ ಇಲ್ಲ! ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸು, ಉತ್ತರ ಐರ್ಲೆಂಡು ಬೇರೆ ಬೇರೆ. ಒಂದಾಗಿ ಆಡಿದ್ರೆ ನಾಳೆ ಫಿಫಾ ನೀವೆಲ್ಲ ಒಂದೇ ದೇಶ ತಾನೇ ಅಂದ್ಬಿಟ್ರೆ ಅಂತ ಇಂಗ್ಲೆಂಡ್ ಬಿಟ್ಟು ಉಳಿದ ಸಂಸ್ಥೆಗಳಿಗೆಲ್ಲ ಭಯ. ಒಲಿಂಪಿಕ್ಸ್‌ಗೆ ಅಂತ ಸೇರ್ಸಿ ಒಂದು ಟೀಮ್ ಮಾಡಿದ್ರು, 1960ರ ನಂತರ ಮೊದಲ ಸಲ, ಗಂಡಸರ ತಂಡದಲ್ಲಿ ಒಬ್ಬ ಸ್ಕಾಟಿಷ್ ಹುಡುಗನೂ ಇಲ್ಲ. ಹಂಗಿರುವಾಗ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ಗೆ ಹೊಂಡುರಾಸ್-ಮೊರಾಕೊ ನೋಡೋಕೆ ಜನ ಯಾಕೆ ಬರ್ತಾರೆ ಹೇಳಿ, ಒಡೆದ ಮನೆಯ ಹಬ್ಬಕ್ಕೆ ದಾಯಾದಿ ಬಂದ ಹಂಗೆ. ಅದೇ ಹ್ಯಾಂಪ್ಡನ್‌ನಲ್ಲೇ ಮೊದಲ ದಿನ ಉತ್ತರ ಕೊರಿಯಾ ಹುಡುಗಿಯರ ಫೋಟೋ ಪಕ್ಕ ದಕ್ಷಿಣ ಕೊರಿಯಾ ಬಾವುಟ ತೋರ್ಸಿ, ಅವರು ಆಡಲ್ಲ ಅಂತ ಎದ್ದು ಹೋಗಿ, ಒಂದು ಗಂಟೆಗೂ ಮೇಲೆ ಪಂದ್ಯ ತಡ ಆಗಿದ್ದು. ಫುಟ್‌ಬಾಲ್ ಬಗ್ಗೆ ಆ ವಾರ ಪೇಪರ್‌ನಲ್ಲಿ ಮೊದಲ ಪುಟಕ್ಕೆ ಬಂದಿದ್ದು ಅದೊಂದೇ ಇರ್ಬೇಕು.

ಜನ ಬೇಕಾದ್ರೆ ಬರ್ತಾರೆ, ಅದನ್ನೂ ಹೇಳ್ಬಿಡ್ತೀನಿ. ಜುಲೈ 31ಕ್ಕೆ ಲಂಡನ್‌ನ ವೆಂಬ್ಲೀ ಸ್ಟೇಡಿಯಮ್ಮಲ್ಲಿ ಬ್ರಿಟನ್ ಹುಡುಗಿಯರು ಬ್ರೆಜಿಲನ್ನ 1-0 ಸೋಲಿಸಿದ್ರು, 70 ಸಾವಿರ ಜನ. ಮಾರನೇ ದಿನದಿಂದ ನನ್ನ ಮ್ಯಾನೇಜರ್ ಸೇರಿ ಆಫೀಸಲ್ಲಿ ಎಲ್ರಿಗೂ ಮಹಿಳಾ ಫುಟ್‌ಬಾಲ್ ಬಗ್ಗೆ ಅಭಿಪ್ರಾಯ ಬಂದ್ಬಿಡ್ತು. ಆಗಸ್ಟ್ 3ಕ್ಕೆ ಕ್ವಾರ್ಟರ್ ಫೈನಲ್ ಬ್ರಿಟನ್-ಕೆನಡಾ, ನಮ್ಮ ಅದೇ ಕವೆಂಟ್ರಿ, ಅದೇ ನೀಲಿ ಸೀಟು, 28 ಸಾವಿರ ಜನ ತುಂಬ್ಕೊಂಡ್ರು, ಖಾಲಿ ದಿನ ದುಡ್ಡು ಕೊಟ್ಟು ಹೋಗಿ ಕೂತಿದ್ದ ನನಗೇ ಟಿಕೆಟ್ ಸಿಗ್ಲಿಲ್ಲ! ಬ್ರಿಟನ್ 2-0 ಸೋತಿತು, ಟಿವಿಲಿ ನೋಡ್ತಾ ಸ್ವಲ್ಪ ಖುಷಿನೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಇಡೀ ಟೂರ್ನಿಲಿ ಬೇಜಾರಾಗಿದ್ದು ಅಂದ್ರೆ ಆಗಸ್ಟ್ 6, ಸೋಮವಾರ, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಅಮೆರಿಕ-ಕೆನಡಾ ಸೆಮಿಫೈನಲ್. ಮೈಸೂರಿನ ಒಬ್ಬ ಕಲೀಗ್ ಜೊತೆ ಕೋಚ್‌ನಲ್ಲಿ ಹೋಗಿದ್ದೆ. 75 ಸಾವಿರ ಹಿಡಿಯೋ ಸ್ಟೇಡಿಯಮ್ಮಿಗೆ 26 ಸಾವಿರ ಚಿಲ್ಲರೆ ಜನ. ಆ 26 ಸಾವಿರ ಜನ ಪುಣ್ಯವಂತರು ಕಣ್ರೀ. ಕೆನಡಾದ ಕ್ಯಾಪ್ಟನ್ ಕ್ರಿಸ್ಟೀನ್ ಸಿಂಕ್ಲೇರ್ ಒಬ್ಳೇ ಮೂರು ಗೋಲು, ಮೂರು ಸಲ ಲೀಡ್ ಕೊಡ್ಸಿದ್ಳು, ಮೂರು ಸಲಾನೂ ಅಮೆರಿಕ ಸಮ ಮಾಡ್ತು. ಮೂರನೇ ಸಲ ಹೆಂಗೆ ಅಂದ್ರೆ, ಕೆನಡಾ 3-2 ಮುಂದೆ, ಹತ್ತು ನಿಮಿಷ ಬಾಕಿ, ರೆಫರಿ ಬಂದು ಗೋಲ್‌ಕೀಪರ್ 6 ಸೆಕೆಂಡಿಗಿಂತ ಜಾಸ್ತಿ ಬಾಲ್ ಹಿಡ್ಕೊಂಡ್ಳು ಅಂತ ಅಮೆರಿಕಕ್ಕೆ ಫ್ರೀಕಿಕ್ ಕೊಟ್ಳು. ಪುಸ್ತಕದಲ್ಲಿ ಆಗ ಆ ರೂಲ್ ಇತ್ತು, ಆದ್ರೆ ಅದನ್ನ ಯಾರಾದ್ರೂ ಹಾಕಿದ್ದು ನೋಡಿದ್ದೀರಾ? ರೋಡಲ್ಲಿ ಉಗಿದ್ರೆ ದಂಡ ಅಂತ ಬೋರ್ಡ್ ಇರತ್ತಲ್ಲ, ಹಂಗಿತ್ತು ಆಗ ಆ ರೂಲು. ಫ್ರೀಕಿಕ್ ಅಡ್ಡ ನಿಂತಿದ್ದ ಕೆನಡಾ ಆಟಗಾರ್ತಿಯರ ಗೋಡೆಗೆ ಬಡಿದು ಒಬ್ಳ ಕೈಗೆ ತಾಗ್ತು, ಪೆನಾಲ್ಟಿ, ವಾಂಬ್ಯಾಕ್ ಹೊಡೆದ್ಳು, 3-3. ಎಕ್ಸ್‌ಟ್ರಾ ಟೈಮ್ ಮುಗಿದು ಇನ್ನೇನು ಶೂಟ್‌ಔಟ್ ಅನ್ನುವಾಗ 123ನೇ ನಿಮಿಷದಲ್ಲಿ ಅಮೆರಿಕದ ಅಲೆಕ್ಸ್ ಮಾರ್ಗನ್ ತಲೆ ಕೊಟ್ಳು, 4-3. ನನ್ನ ಕಲೀಗ್ ತಲೆ ಮೇಲೆ ಕೈ ಹೊತ್ಕೊಂಡು "ಲೇ ಇದನ್ನ ಯಾರಿಗೆ ಹೇಳಿದ್ರೂ ನಂಬಲ್ಲ ಕಣೋ, ಯಾರೂ ನೋಡೇ ಇಲ್ವಲ್ಲೋ" ಅಂದ. ಸುತ್ತ ಕೆಂಪು ಸೀಟು, ಖಾಲಿ.

(ಎಕ್ಸ್‌ಟ್ರಾ ಟೈಮ್ ಪುಣ್ಯದಿಂದ ವಾಪಸ್ ಕೋಚ್ ಮಿಸ್ ಆಯ್ತು. ಕಂಪನಿ ಹೆಸರು ಬೇಡ, 10:30ಕ್ಕೆ ಹೊರಡತ್ತೆ ಅಂತ ಟಿಕೆಟ್ ಮೇಲೆ ಇದ್ದಿದ್ದು ಹತ್ತು ನಿಮಿಷ ಮೊದ್ಲೇ ಹೋಗಿತ್ತು, ಫೋನ್ ಮಾಡಿದ್ರೆ ನಾಳೆ ಬೆಳಿಗ್ಗೆ ಆಫೀಸ್ ಟೈಮಲ್ಲಿ ಮಾಡಿ ಅನ್ನೋ ರೆಕಾರ್ಡಿಂಗು. ಸ್ಟೇಷನ್ ಬೆಂಚ್ ಮೇಲೆ ಚಳೀಲಿ ನಡುಗ್ತಾ ರಾತ್ರಿ ಕಳೆದ್ವಿ, ಆಗಸ್ಟ್ ಅಂತ ಸ್ವೆಟರ್ ತಗೊಂಡಿರ್ಲಿಲ್ಲ. ಅದಕ್ಕೆ ಜೀರೋ ಸ್ಟಾರ್.)

ಮೂರು ದಿನ ಬಿಟ್ಟು ಗುರುವಾರ ಮಧ್ಯಾಹ್ನ ಕವೆಂಟ್ರಿಲಿ ಕಂಚಿನ ಪಂದ್ಯ, ಕೆನಡಾ-ಫ್ರಾನ್ಸ್, ಹೊಟ್ಟೆನೋವು ಅಂತ ಆಫೀಸಿಗೆ ಹೇಳಿ ಹೋದೆ. ಮತ್ತೆ 12 ಸಾವಿರ ಜನ. ಸುಸ್ತಾಗಿದ್ದ ಕೆನಡಾನ ಫ್ರಾನ್ಸ್ ಪೂರ್ತಿ ಅರೆದು ಹಾಕ್ತು, ಕಂಬಕ್ಕೂ ಹೊಡೀತು ಮೇಲಿನ ಪಟ್ಟಿಗೂ ಹೊಡೀತು, ಗೋಲ್ ಮಾತ್ರ ಇಲ್ಲ, 92ನೇ ನಿಮಿಷದಲ್ಲಿ ಡಯಾನಾ ಮ್ಯಾಥೆಸನ್ ಒಂದು ತಳ್ಳಿದ್ಳು, ಕೆನಡಾಗೆ ಕಂಚು. ಅದೇ ದಿನ ರಾತ್ರಿ ವೆಂಬ್ಲೀಲಿ ಫೈನಲ್‌ಗೆ 80 ಸಾವಿರ, ಗಂಡಸರ ಫೈನಲ್‌ಗೆ 86 ಸಾವಿರ. ಒಟ್ಟು ಲೆಕ್ಕ ಹಾಕಿದ್ರೆ ಆ ಒಲಿಂಪಿಕ್ಸ್ ಫುಟ್‌ಬಾಲನ್ನ 20 ಲಕ್ಷಕ್ಕೂ ಜಾಸ್ತಿ ಜನ ಸ್ಟೇಡಿಯಮ್ಮಿಗೆ ಬಂದು ನೋಡಿದ್ದಾರೆ, ಅಂದ್ರೆ ಜನ ಬರ್ಲಿಲ್ಲ ಅನ್ನೋದೂ ಪೂರ್ತಿ ಸರಿಯಲ್ಲ, ಎಂಟು ಜನಕ್ಕೆ ಆಗೋ ಅಡುಗೇನ ಛತ್ರದ ಕಡಾಯೀಲಿ ಮಾಡಿದ್ರೆ ತಳದಲ್ಲಿ ಅಂಟ್ಕೊಂಡ ಹಂಗೆ ಕಾಣತ್ತಲ್ಲ, ಅಷ್ಟೇ ಆಗಿದ್ದು.

ಇದನ್ನೆಲ್ಲ ಊರಿಗೆ ಫೋನ್ ಮಾಡಿ ಮಾವನೋರಿಗೆ ಹೇಳ್ದಾಗ ಅವರು ಬೇರೇನೇ ಕಥೆ ತೆಗೆದ್ರು. ಅವರು ಬೆಂಗ್ಳೂರಿನ ಆಸ್ಟಿನ್ ಟೌನ್ ಕಡೆಯೋರು, ಮಾತೆತ್ತಿದ್ರೆ ಫುಟ್‌ಬಾಲು. "ಲಂಡನ್ ಒಲಿಂಪಿಕ್ಸ್ ಫುಟ್‌ಬಾಲ್ ಅಂದ್ರೆ 1948ರದ್ದು ಕಣಪ್ಪ, ಗೋಲ್ ಹೊಡೆದಿದ್ದು ನಮ್ಮ ಬೆಂಗ್ಳೂರ್ ರಾಮನ್" ಅಂದ್ರು. ನಿಜ. ಇಂಡಿಯಾ-ಫ್ರಾನ್ಸ್, ಲಂಡನ್ ಪಕ್ಕದ ಇಲ್‌ಫರ್ಡ್, ನಮ್ಮೋರಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ, ಎರಡು ಪೆನಾಲ್ಟಿ ಹಾಳ್ಮಾಡ್ಕೊಂಡು 2-1 ಸೋತ್ರು, ನಮ್ಮ ಒಂದು ಗೋಲು ಸಾರಂಗಪಾಣಿ ರಾಮನ್‌ದು. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಕೂಡ ಆ ತಂಡದಲ್ಲಿದ್ರು. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ, 1960ರ ರೋಮ್ ಆದ ಮೇಲೆ ನಾವು ಒಲಿಂಪಿಕ್ಸ್ ಫುಟ್‌ಬಾಲ್ ಬಾಗಿಲು ದಾಟೇ ಇಲ್ಲ. ನಾನೊಂದು ಭಾನುವಾರ ಆ 1948ರ ಪಂದ್ಯ ನಡೆದ ಕ್ರಿಕಲ್‌ಫೀಲ್ಡ್ ಮೈದಾನ ಹುಡ್ಕೊಂಡು ಇಲ್‌ಫರ್ಡ್‌ಗೆ ಹೋಗಿದ್ದೆ, ಪುಟ್ಟದು, ಸುತ್ತ ಓಟದ ಟ್ರ್ಯಾಕು, ಒಂದಿಬ್ಬರು ಜಾಗಿಂಗ್ ಮಾಡ್ತಿದ್ರು. ಮಾವನೋರಿಗೆ ಫೋಟೋ ಕಳ್ಸಿದ್ರೆ "ಹುಲ್ಲು ಚೆನ್ನಾಗಿಟ್ಟಿದ್ದಾರೆ" ಅಂತ ಒಂದೇ ಮಾತು.

ಈಗ ಭಾಮೈದನ ಪ್ರಶ್ನೆಗೆ ಬರ್ತೀನಿ. ಅಮೆರಿಕದೋರು ಈ ವಿಷಯದಲ್ಲಿ ಬ್ರಿಟಿಷರಿಗಿಂತ ಜಾಣರು ಅನ್ಸತ್ತೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ರೋಸ್ ಬೌಲ್ ಸ್ಟೇಡಿಯಮ್ಮಿನ ಫುಟ್‌ಬಾಲ್ ಫೈನಲ್‌ಗೆ 1,01,799 ಜನ ಬಂದಿದ್ರು, ಫುಟ್‌ಬಾಲ್ ಗೊತ್ತಿಲ್ಲದ ದೇಶ ಅಂತ ಬೈಸ್ಕೊಳ್ಳೋರು! 2028ಕ್ಕೆ ಫೈನಲ್ ಮತ್ತೆ ರೋಸ್ ಬೌಲಲ್ಲೇ, ಆದ್ರೆ ಗ್ರೂಪ್ ಪಂದ್ಯಗಳನ್ನೆಲ್ಲ ನ್ಯೂಯಾರ್ಕು, ಕೊಲಂಬಸ್ಸು, ನ್ಯಾಶ್‌ವಿಲ್ಲು, ಸೇಂಟ್ ಲೂಯಿಸ್ಸು, ಸ್ಯಾನ್ ಡಿಯಾಗೋ, ಸ್ಯಾನ್ ಹೋಸೆ ಅಂತ ಸಣ್ಣ ಸ್ಟೇಡಿಯಮ್ಮುಗಳಲ್ಲಿ ಇಟ್ಟಿದ್ದಾರೆ. ನಿಮ್ಮೂರಿಂದು 18 ಸಾವಿರದ್ದು, ಕವೆಂಟ್ರಿಗೆ ಬಂದಷ್ಟೇ ಜನ ಬಂದ್ರೂ ತುಂಬಿದಂಗೆ ಕಾಣತ್ತೆ. ಮಹಿಳೆಯರದ್ದು 16 ಟೀಮು, ಗಂಡಸರದ್ದು 12, ಹಿಂದೆ ಯಾವತ್ತೂ ಮಹಿಳೆಯರದ್ದು ಜಾಸ್ತಿ ಇರ್ಲಿಲ್ಲ. ಮಹಿಳೆಯರ ಟೂರ್ನಿಗೆ ವಯಸ್ಸಿನ ಮಿತಿ ಇಲ್ಲ, ಪೂರ್ತಿ ರಾಷ್ಟ್ರೀಯ ತಂಡವೇ ಬರತ್ತೆ, ಅದಕ್ಕೆ ಹೇಳೋದು ಅದನ್ನೇ ತಗೋ. ಗಂಡಸರ ಗ್ರೂಪ್ ಪಂದ್ಯ ಬೇರೇನೂ ಸಿಗದಿದ್ರೆ ಮಾತ್ರ. ಒಲಿಂಪಿಕ್ಸ್‌ಗೆ ಹೋಗಿದ್ದೆ ಅಂತ ಹೇಳ್ಕೊಳ್ಳೋ ಆಸೆ ಇದ್ರೆ ಲಾಸ್ ಏಂಜಲೀಸ್‌ಗೇ ಹೋಗು, ಕ್ರಿಕೆಟ್ ಇದೆ ಅಲ್ಲಿ, ಬಿಲ್ಲುಗಾರಿಕೆ ಆದ್ರೂ ಸರಿ, ಬೇರೆ ದೇಶದೋರು ಬಾವುಟ ಸುತ್ಕೊಂಡು ಮೆಟ್ರೋದಲ್ಲಿ ಹಾಡೋದು ಅದೆಲ್ಲ ಅಲ್ಲೇ ಸಿಗೋದು. ಸ್ಯಾನ್ ಹೋಸೆಲಿ ಸಿಗೋದು ಫುಟ್‌ಬಾಲು.

ಇದನ್ನ ಬರೀತಾ ಮಗಳಿಗೆ ಮೆಸೇಜ್ ಮಾಡ್ದೆ, ಈಗ ಕಾಲೇಜು ಮುಗಿಸ್ತಿದ್ದಾಳೆ, ಕವೆಂಟ್ರಿ ನೆನಪಿದ್ಯಾ ಪುಟ್ಟಾ ಅಂತ. ಮೊಡಿಸೆ ಗೋಲ್ ನೆನಪಿಲ್ಲವಂತೆ. "ನಾಲ್ಕು ಸೀಟಿಗೆ ಅಡ್ಡಡ್ಡ ಮಲ್ಕೊಂಡು ಚಿತ್ರಾನ್ನ ತಿಂದಿದ್ದು ನೆನಪಿದೆ, ಯಾಕಪ್ಪ?" ಅಂತ ರಿಪ್ಲೈ ಬಂತು. ಭಾಮೈದನಿಗೂ ಅವಳೇ ಫಾರ್ವರ್ಡ್ ಮಾಡಿದ್ದಾಳೆ, ಅವನು ನಾಲ್ಕು ಟಿಕೆಟ್‌ಗೆ ಲಾಟರಿ ಹಾಕ್ತೀನಿ, ಚಿತ್ರಾನ್ನ ಅಕ್ಕನ ಕೈಲಿ ಮಾಡ್ಸ್ಕೊಂಡು ಬನ್ನಿ ಅಂತಿದ್ದಾನೆ.